ಗಿಟುಕಿನ ಕಾಯಿ

ಮೊದಲು ಫ್ಯೂಸು ಕೀಳುತ್ತೇನೆ.
ಮೂರನ್ನೂ ತಂದು ಸಿಂಚನಾಳ ಅಜ್ಜಿಯ ಮಡಿಲಿಗೆ ಹಾಕುತ್ತೇನೆ.
"ಈ ವಯಸ್ಸಲ್ಲಿ ಮಡಿಲು ತುಂಬ್ತೀಯೇನೋ ಗಫಾರಾ"
ಎಂದು ಅಜ್ಜಿ ದಿನಾ ನಗುತ್ತಾಳೆ,
ಬಾವಿಕಟ್ಟೆಯಿಂದ ಮಾತ್ರ ಕದಲುವುದಿಲ್ಲ.
ಆಮೇಲೆ ಮಕ್ಕಳನ್ನು ಎಣಿಸುತ್ತೇನೆ. ಏಳು.
ಮೇಲೆ ಬಂದಾಗಲೂ ಏಳೇ ಇರಬೇಕು.
ನನಗೆ ಬರುವ ಲೆಕ್ಕ ಅಷ್ಟೇ.

ಯಗಟಿ ದಾರಿಯ ಈ ಕಪಿಲೆ ಬಾವಿ
ಹದಿನಾರು ವರ್ಷ ಬರೀ ಗುಂಡಿ.
ತಳದಲ್ಲಿ ಎಕ್ಕದ ಗಿಡ, ಕಾಲು ಮುರಿದ ಕುರ್ಚಿ,
ಕಲ್ಲುಸಂದಿಯಲ್ಲಿ ಪಾರಿವಾಳದ ಸಂಸಾರ.
ಹೋದ ವರ್ಷ ಹಿಂಗಾರು ಹಿಡಿದದ್ದು ಬಿಡಲಿಲ್ಲ.
ಒಂದು ಬೆಳಗ್ಗೆ ಬಗ್ಗಿ ನೋಡಿದರೆ
ಏಳನೇ ಮೆಟ್ಟಿಲ ತನಕ ಆಕಾಶ ಬಂದು ಕೂತಿತ್ತು.
ಊರಿಗೆ ಹಿಗ್ಗು.
ಸಂಜೆಗೆ ದಿಗಿಲು.
ಕೊಳವೆಬಾವಿಯ ಕಾಲದಲ್ಲಿ ಹುಟ್ಟಿದ ಮಕ್ಕಳು,
ನೀರೆಂದರೆ ನಲ್ಲಿ, ಬಿಂದಿಗೆ, ಟ್ಯಾಂಕರಿನ ಹಿಂದಿನ ಸಾಲು.
ಮೊಣಕಾಲು ದಾಟಿದ ನೀರನ್ನು ಕಂಡವರೇ ಅಲ್ಲ.

ಮೊದಲ ವಾರ ಬಾವಿಗೆ ಇಳಿಸಲೇ ಇಲ್ಲ.
ದನದ ತೊಟ್ಟಿಯ ಮುಂದೆ ಸಾಲಾಗಿ ಕೂರಿಸಿ
ಮುಖ ಅದ್ದಿಸಿ ಗುಳುಗುಳು ಅನ್ನಿಸಿದೆ.
ಬಾಯಲ್ಲಿ ಎಳಕೊ, ಮೂಗಲ್ಲಿ ಬಿಡು.
ಹೆದರಿಕೆ ಆಯಿತಾ, ಗುಳ್ಳೆ ಮಾಡು.
ಮರುಳಸಿದ್ದ ನಗು ತಡೆಯಲಾರದೆ ಅರ್ಧ ತೊಟ್ಟಿ ಕುಡಿದ.
ಎರಡು ಎಮ್ಮೆ ಬಾಯಾರಿಕೆ ಮರೆತು
ನಿಂತು ನೋಡಿದವು.

ನನಗೆ ಯಾರೂ ತೊಟ್ಟಿ ತೋರಿಸಲಿಲ್ಲ.
ಎಂಟನೇ ವಯಸ್ಸಿಗೆ ಚಾಚಾ ಇದೇ ಕಟ್ಟೆಯಿಂದ ಎತ್ತಿ ಎಸೆದ.
ಬಾವಿ ನನ್ನನ್ನು ಎರಡು ಸಲ ನುಂಗಿತು,
ನಾನು ಬಾವಿಯನ್ನು ಮೂರು ಸಲ.
ಹೇಗೋ ಮೆಟ್ಟಿಲು ಹಿಡಿದೆ.
ಹುಡುಗನಿಗೆ ಈಜು ಬಂತು ಅಂದರು.
ಬಂದದ್ದು ಜಗಳ.
ಆವತ್ತಿನಿಂದ ನೀರನ್ನು ಗುದ್ದಿ ಗುದ್ದಿಯೇ
ಆಚೆ ದಡ ಸೇರುತ್ತಿದ್ದೇನೆ.

ಅದಕ್ಕೇ ಈ ಗಿಟುಕಿನ ಕಾಯಿ.
ಸಿಪ್ಪೆ ಸಮೇತ ಅಟ್ಟದಲ್ಲಿ ವರ್ಷ ಒಣಗಿ
ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು.
ಅಂಥ ಎರಡನ್ನು ಹಗ್ಗದಲ್ಲಿ ಜೋಡಿಸಿ ಎದೆಯಡಿಗೆ ಕಟ್ಟಿದರೆ
ಸೇಂದಿ ಕುಡಿದ ಕಪ್ಪೆಯಂತೆ ತೇಲುತ್ತವೆ ಹುಡುಗರು.
ಪ್ರೀತಮ ನಾಲ್ಕೇ ದಿನಕ್ಕೆ ಬಿಚ್ಚಿ ಎಸೆದ.
ರುಖ್ಸಾರ್ ಕಾಯಿಗೆ ಕಣ್ಣು ಮೂಗು ಬರೆದು
ಹೆಸರಿಟ್ಟಿದ್ದಾಳೆ, ಬಿಡಲೊಲ್ಲಳು.

ಸಿಂಚನಾ ಮಾತ್ರ ಮೆಟ್ಟಿಲಲ್ಲೇ.
ಬೇಡ ಅನ್ನುವುದಿಲ್ಲ, ಬರುವುದೂ ಇಲ್ಲ.
ಐದು ದಿನ ನಾನೂ ಅಲ್ಲೇ ಕೂತೆ.
ಆರನೇ ದಿನ ಕೇಳಿದಳು,
"ಮಲಗಬಹುದಾ ಮಾಮ, ನೀರಮೇಲೆ, ಅಂಗಾತ?"
ಬೆನ್ನಿನಡಿ ಅಂಗೈ ಇಟ್ಟೆ.
ಐದು ಬೆರಳು. ಸ್ವಲ್ಪ ಹೊತ್ತಿಗೆ ಮೂರು.
ಆಮೇಲೆ ಕಿರುಬೆರಳೊಂದು, ಸುಮ್ಮನೆ, ಸಾಕ್ಷಿಗೆ.
ಕಿವಿ ನೀರೊಳಗೆ, ಕಣ್ಣು ಪಾರಿವಾಳದ ಗೂಡಲ್ಲಿ.
"ಒಳಗೆ ಯಾರೋ ಪಾತ್ರೆ ತೊಳೀತಿದಾರೆ ಮಾಮ"
ಅಂದಳು.
ನಾನು ಆ ಸದ್ದು ಕೇಳಿದವನಲ್ಲ.

"ನೀನೂ ಮಲಕ್ಕೋ."
ನಾನಾ?
ಕಡೂರಿನ ಸುತ್ತ ಎಷ್ಟು ಬಾವಿಗೆ ಇಳಿದು
ಕತ್ತಲಲ್ಲಿ ತಡವಿ ಫುಟ್‌ವಾಲ್ವು ಬಿಚ್ಚಿದವನು,
ಅಂಗಾತ ಬಿದ್ದರೆ ಕಲ್ಲಿನ ಹಾಗೆ ಇಳಿಯುತ್ತೇನೆ.
ಹೇಳಲಿಲ್ಲ. ಗೊತ್ತಾಯಿತೋ ಏನೋ,
ಎರಡನೇ ಮೆಟ್ಟಿಲಲ್ಲಿ ಎದೆಮಟ್ಟ ನಿಂತು
ಒಬ್ಬಟ್ಟಿನಷ್ಟು ಅಗಲದ ಅಂಗೈಯನ್ನು
ನನ್ನ ಕುತ್ತಿಗೆಯಡಿ ಇಟ್ಟಳು.
"ಗುದ್ದಬೇಡ ಮಾಮ. ಗುಳ್ಳೆ ಮಾಡು."

ಮೇಲೆ ದುಂಡನೆ ಆಕಾಶ, ಅಂಚಿಗೆ ಅಜ್ಜಿಯ ಮುಖ,
ಕಟ್ಟೆಯ ಮೇಲೆ ಬಗ್ಗಿ,
"ಯಾಕೋ ಗಫಾರಾ, ಉಸಿರಿದೆಯೇನೋ?"
ಕಿವಿಯೊಳಗೆ ನಿಜಕ್ಕೂ ಯಾರೋ
ತಪ್ಪಲೆಗೆ ತಪ್ಪಲೆ ತಾಗಿಸುತ್ತ ತೊಳೆಯುತ್ತಿದ್ದರು.
ಕೈ ಇದೆಯಾ ಅಂದೆ.
"ಆಗಲೇ ತೆಗೆದೆನಲ್ಲ."

ನಾಲ್ಕಕ್ಕೆ ತ್ರೀ ಫೇಸು ಬರುತ್ತದೆ, ತೆಂಗಿಗೆ ನೀರು ಬಿಡಬೇಕು.
ಹತ್ತಿಸಿ, ಎಣಿಸಿ, ಮತ್ತೊಮ್ಮೆ ಎಣಿಸಿ, ಏಳು,
ಫ್ಯೂಸು ಕೇಳಿದೆ.
ಅಜ್ಜಿ ಎರಡು ಕೊಟ್ಟಳು.
ಮೂರನೆಯದಕ್ಕೆ ಎಲೆಯಡಿಕೆ ಚೀಲ ತಡಕುತ್ತಿದ್ದಾಳೆ ಇನ್ನೂ,
ಸುಣ್ಣದ ಡಬ್ಬಿ ತೆಗೆದಿಟ್ಟು, ಕಡ್ಡಿಪುಡಿ ತೆಗೆದಿಟ್ಟು,
ಅವಸರವೇ ಇಲ್ಲದೆ.
ತಲೆ ಒರೆಸಿಕೊಳ್ಳದೆ ನಿಂತಿದ್ದಾರೆ ಏಳೂ ಜನ,
ತೊಟ್ಟಿಕ್ಕುತ್ತ,
ಇನ್ನೊಂದೇ ಸಲ ಮಾಮ.